ಆಮ್ಲೆಟ್ಟಿಗೂ ‘ತಿಂಡಿ’ ಪಟ್ಟ ಕೊಡಿ!

‘ತಿಂಡಿ ಆಯ್ತಾ?’ ಅಂತ ಕೇಳಿದವರಿಗೆ ‘ಆಮ್ಲೆಟ್ ತಿಂದೆ’ ಅಂದು ನೋಡಿ. ‘ಅದ್ಸರಿ, ತಿಂಡಿ ಏನು ತಿಂದ್ರಿ?’ ಅನ್ನೋ ಮರುಪ್ರಶ್ನೆ ಗ್ಯಾರಂಟಿ! ಇಡ್ಲಿ, ದೋಸೆ, ಉಪ್ಪಿಟ್ಟು, ಚಿತ್ರಾನ್ನ, ಅವಲಕ್ಕಿ... ಇವಕ್ಕೆಲ್ಲ ತಿಂಡಿ ಅನ್ನೋ ಪಟ್ಟ ಎಂದೋ ಸಿಕ್ಕಿದೆ. ಆಮ್ಲೆಟ್ ಮಾತ್ರ ಇನ್ನೂ ಬ್ರೆಡ್ಡಿನ ಬಾಲಂಗೋಚಿ, ಬ್ಯಾಚುಲರ್ ರೂಮಿನ ಆಪದ್ಬಾಂಧವ, ಇಲ್ಲವೇ ಸಂಜೆ ತಳ್ಳುಗಾಡಿಯ ಸರಕು. ಇದು ಅನ್ಯಾಯ ಅನ್ನೋದು ನನ್ನ ವಾದ. ಮೈಸೂರು ಕಡೆಯವರು ಮೊಟ್ಟೆ ಅನ್ನಿ, ಹುಬ್ಬಳ್ಳಿ ಕಡೆಯವರು ತತ್ತಿ ಅನ್ನಿ, ಹೊಟ್ಟೆಯೊಳಗೆ ಒಂದಿಷ್ಟು ಪಲ್ಯ ತುಂಬಿಕೊಂಡ ಆಮ್ಲೆಟ್ ಮಧ್ಯಾಹ್ನದ ಊಟದ ತನಕ ನಿಲ್ಲುವ ತಿಂಡಿ.

(ಮೊಟ್ಟೆ ತಿನ್ನದ ಮಿತ್ರರು ಬೇಜಾರಾಗಬೇಡಿ. ನನ್ನ ತಕರಾರು ಇರೋದು ತಿಂದೂ ಅದನ್ನು ಲೆಕ್ಕಕ್ಕೆ ಹಿಡಿಯದವರ ಜೊತೆ!)

ಒಳಗೆ ಏನಾದರೂ ತುಂಬಿದ ಆಮ್ಲೆಟ್ ಅಂದ ಕೂಡಲೇ ಜನ ಚೀಸು, ಅಣಬೆ, ಕೆಂಪು ಹಳದಿ ಕ್ಯಾಪ್ಸಿಕಂ ಅಂತ ಪಟ್ಟಿ ಹಿಡಿದು ಸೂಪರ್ ಮಾರ್ಕೆಟ್ಟಿಗೆ ಓಡುತ್ತಾರೆ. ಯಾಕ್ರೀ ಬೇಕು? ಮಸಾಲೆ ದೋಸೆ ಮಡಚಿದ ಜನ ನಾವು. ತೆಳ್ಳಗೆ ಹರಡು, ನಡುವೆ ಪಲ್ಯ ಇಡು, ಮಡಚು. ವಿದ್ಯೆ ಅದೇ, ಹಿಟ್ಟಿನ ಜಾಗದಲ್ಲಿ ಮೊಟ್ಟೆ, ಅಷ್ಟೆ. ನಿನ್ನೆ ರಾತ್ರಿ ಮಿಕ್ಕಿ ಫ್ರಿಜ್ಜಿನ ಮೂಲೆಯಲ್ಲಿ ಕೂತ ಹುರುಳಿಕಾಯಿ ಪಲ್ಯಕ್ಕೋ ಆಲೂಗಡ್ಡೆ ಪಲ್ಯಕ್ಕೋ ಇದಕ್ಕಿಂತ ಒಳ್ಳೆಯ ಗತಿ ಇನ್ನೊಂದಿಲ್ಲ.

ಒಂದೇ ಒಂದು ಷರತ್ತು. ಒಳಗೆ ಹೋಗುವುದು ಬೆಂದಿರಬೇಕು, ಒಣಗಿರಬೇಕು. ಮೊಟ್ಟೆಯ ಮುಕ್ಕಾಲು ಪಾಲು ನೀರೇ. ಅದರ ಮೇಲೆ ಹಸಿ ಟೊಮೇಟೊ, ಸೋರೆಕಾಯಿ ಪಲ್ಯದಂಥ ನೀರು ಬಿಡುವ ಗಿರಾಕಿಗಳನ್ನು ಹಾಕಿದರೆ ತಟ್ಟೆಯಲ್ಲಿ ಕೆರೆ. ಈ ಪರೀಕ್ಷೆಯಲ್ಲಿ ನನ್ನ ಪ್ರಕಾರ ಮೊದಲ ರ‍್ಯಾಂಕು ಬಸ್ಸಾರಿನ ಪಲ್ಯಕ್ಕೆ. ಸೊಪ್ಪು, ಕಾಳು ಬೇಯಿಸಿದ ನೀರನ್ನೆಲ್ಲ ಸಾರಿಗೆ ಬಸಿದುಕೊಂಡು ಮಾಡುವ ಪಲ್ಯ ಅದು. ಹಾಗಾಗಿ ಉದುರುದುರಾಗಿಯೇ ಇರುತ್ತದೆ. ಬೆಳ್ಳುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆ ಬೇರೆ! ಎರಡನೆಯ ರ‍್ಯಾಂಕು ನುಗ್ಗೆಸೊಪ್ಪಿನ ಪಲ್ಯಕ್ಕೆ, ಮೂರನೆಯದು ಹೆಸರುಕಾಳಿನ ಉಸಲಿಗೆ. ಉತ್ತರ ಕರ್ನಾಟಕದ ಗೆಳೆಯರು ಜುಣಕದ ಹೆಸರು ಹೇಳದೆ ಬಿಡುವುದಿಲ್ಲ ಅಂತ ಗೊತ್ತು, ಅದಕ್ಕೂ ಒಂದು ಸೀಟು ಕಾಯ್ದಿರಿಸಿದ್ದೇನೆ :-)

ಇನ್ನು ಮಾಡುವ ಬಗೆ. ಒಬ್ಬರಿಗೆ 2 ಮೊಟ್ಟೆ, 3 ದೊಡ್ಡ ಚಮಚ ಪಲ್ಯ. ಪಲ್ಯವನ್ನು ಮೊದಲು ಚೆನ್ನಾಗಿ ಬಿಸಿ ಮಾಡಿ ಪಕ್ಕಕ್ಕಿಡಿ. ತಣ್ಣನೆಯ ಪಲ್ಯ ಬಿಸಿಯಾಗಲಿ ಅಂತ ಕಾಯುತ್ತ ಕೂತರೆ ಅಷ್ಟರಲ್ಲಿ ಮೊಟ್ಟೆ ಸೀದು ಕರಕಲು. ಮೊಟ್ಟೆಗೆ ಚಿಟಿಕೆ ಉಪ್ಪು (ಪಲ್ಯದಲ್ಲೂ ಉಪ್ಪಿದೆ, ನೆನಪಿರಲಿ), ಒಂಚೂರು ಕಾಳುಮೆಣಸಿನ ಪುಡಿ ಹಾಕಿ ಬಿಳಿ ಹಳದಿ ಒಂದಾಗುವ ತನಕ ಕಲಕಿ. ಕಾವಲಿಗೆ ಒಂದು ಚಮಚ ಎಣ್ಣೆ, ಉರಿ ಸಣ್ಣ. ಈ ಸಣ್ಣ ಉರಿಯೇ ಗುಟ್ಟು. ಮೊಟ್ಟೆ ಗಟ್ಟಿಯಾಗಲು 60-70 ಡಿಗ್ರಿ ಸಾಕು. ಉರಿ ಜೋರಾದರೆ ಅದರ ಪ್ರೋಟೀನು ಬಿಗಿದುಕೊಂಡು ಒಳಗಿನ ನೀರನ್ನೆಲ್ಲ ಹಿಂಡಿ ಹಾಕುತ್ತದೆ. ಆಮೇಲೆ ನೀವು ತಿನ್ನುವುದು ಆಮ್ಲೆಟ್ಟಲ್ಲ, ಹವಾಯಿ ಚಪ್ಪಲಿ. ಅಂಚು ಗಟ್ಟಿಯಾಗಿ ನಡು ಇನ್ನೂ ಹಸಿಹಸಿ ಇರುವಾಗ ಅರ್ಧ ಭಾಗಕ್ಕೆ ಪಲ್ಯ ಹರಡಿ, ಇನ್ನರ್ಧ ಅದರ ಮೇಲೆ ಮಡಚಿ, ಮುಚ್ಚಳ ಮುಚ್ಚಿ ಒಂದು ನಿಮಿಷ ಬಿಡಿ. ಒಳಗೆಲ್ಲ ಹದವಾಗಿ ಬೇಯುತ್ತದೆ. ಮುಗೀತು.

‘ಮೊಟ್ಟೆ ಉಷ್ಣ ಕಣ್ರೀ’ ಅನ್ನುವವರಿಗೆ ಒಂದು ಲೋಟ ಮಜ್ಜಿಗೆ ಕೊಟ್ಟು ಕೂರಿಸಿ. ಹೊಟ್ಟೆ ತುಂಬೋಲ್ಲ ಅನ್ನುವವರಿಗೆ ಲೆಕ್ಕ ಹೇಳಿ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್, ಎರಡಕ್ಕೆ 12, ಒಳಗಿನ ಕಾಳಿನದು ಬೇರೆ. ನಮ್ಮ ಚಿತ್ರಾನ್ನ, ಉಪ್ಪಿಟ್ಟು ರುಚಿಯಲ್ಲಿ ಯಾರಿಗೂ ಕಡಿಮೆಯಿಲ್ಲ, ಆದರೆ ಈ ಒಂದು ವಿಷಯದಲ್ಲಿ ಕೊಂಚ ಬಡವರೇ. 2021ರ ಡಿಸೆಂಬರಿನಲ್ಲಿ ಯಾದಗಿರಿ, ರಾಯಚೂರು, ಕಲಬುರಗಿಯಂಥ ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರುಮಾಡಿ, 2022ರಲ್ಲಿ ರಾಜ್ಯಕ್ಕೆಲ್ಲ ವಿಸ್ತರಿಸಿದಾಗ ಎಷ್ಟೊಂದು ವಾದ ವಿವಾದ ನಡೆಯಿತು! ತಿನ್ನದ ಮಕ್ಕಳಿಗೆ ಬಾಳೆಹಣ್ಣು, ಚಿಕ್ಕಿಯೂ ಇತ್ತು. ಮಕ್ಕಳ ತಟ್ಟೆಯಲ್ಲಿ ಮೊಟ್ಟೆ ಇರಬೇಕು ಅಂತ ಅಂದು ಜೋರಾಗಿ ವಾದಿಸಿದ ನಾವು, ನಮ್ಮ ಮನೆಯ ಬೆಳಗಿನ ತಟ್ಟೆಯಲ್ಲಿ ಅದಕ್ಕೆ ಎಷ್ಟು ಮರ್ಯಾದೆ ಕೊಟ್ಟಿದ್ದೇವೆ ಅಂತಲೂ ನೋಡಿಕೊಳ್ಳಬೇಕಲ್ಲವೇ?

ಆದರೆ ನನ್ನ ನಿಜವಾದ ಕಾರಣ ಪ್ರೋಟೀನಲ್ಲ. ದೋಸೆ ಬೇಕೆಂದರೆ ಹಿಂದಿನ ದಿನ ಮಧ್ಯಾಹ್ನವೇ ಯಾರೋ ಅಕ್ಕಿ, ಉದ್ದು ನೆನೆಹಾಕಬೇಕು, ಸಂಜೆ ರುಬ್ಬಬೇಕು, ಬೆಳಿಗ್ಗೆ ಒಲೆ ಮುಂದೆ ನಿಂತು ಒಂದೊಂದಾಗಿ ಹುಯ್ದು ಎಲ್ಲರಿಗೂ ಬಿಸಿಬಿಸಿ ಬಡಿಸಬೇಕು. ಆ ‘ಯಾರೋ’ ಯಾರು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಅವರು ಕೊನೆಗೆ ನಿಂತುಕೊಂಡೇ ತಿನ್ನುವುದು ತಣ್ಣಗಾದ, ಹರಿದುಹೋದ ದೋಸೆ. ಆಮ್ಲೆಟ್ಟಿಗೆ ಈ ಹಿಂದಿನ ದಿನದ ತಯಾರಿ ಬೇಡ, ಕೈ ಪಳಗಿರಬೇಕೆಂಬ ಹಟವೂ ಇಲ್ಲ. ಹತ್ತನೇ ಕ್ಲಾಸಿನ ಹುಡುಗನೂ ತನ್ನದನ್ನು ತಾನು ಐದು ನಿಮಿಷದಲ್ಲಿ ಮಾಡಿಕೊಳ್ಳಬಹುದು, ಅವನಪ್ಪನೂ!

ನಮ್ಮ ಮನೆಯಲ್ಲಿ ಬುಧವಾರ, ಭಾನುವಾರ ಆಮ್ಲೆಟ್. ಒಲೆ ನನ್ನದು, ಮೊದಲನೆಯ ಆಮ್ಲೆಟ್ ಅಮ್ಮನದು. ಕೂತು, ಆರಾಮಾಗಿ, ಬಿಸಿಬಿಸಿ ತಿಂದು ‘ಪಲ್ಯ ನಾನು ಮಾಡಿದ್ದಕ್ಕೇ ಇಷ್ಟು ರುಚಿ ಬಂದಿರೋದು ಕಣೋ’ ಅಂತಾರೆ. ಅನ್ನಲಿ ಬಿಡಿ. ಕೂತು ಅಂದರಲ್ಲ, ಅಷ್ಟು ಸಾಕು.

ವಾರಕ್ಕೆ ಎರಡೇ ದಿನ, ನೀವೂ ಒಲೆ ವಹಿಸಿಕೊಂಡು ನೋಡಿ. ಅಂದಹಾಗೆ, ನಿಮ್ಮ ಫ್ರಿಜ್ಜಿನಲ್ಲಿ ಈಗ ಯಾವ ಪಲ್ಯ ಕೂತಿದೆ?