ಅರ್ಧ ಓದಿದ ಕಾದಂಬರಿಯ ಕುರಿತು

ಕಾದಂಬರಿಯನ್ನು ಪೂರ್ತಿ ಓದಿದ ಬಳಿಕವೇ ಅದರ ವಿಷಯವಾಗಿ ಬಾಯಿ ತೆರೆಯಬೇಕೆಂಬ ಕಟ್ಟಳೆಯೊಂದು ನಮ್ಮ ಶಾಲೆಗಳಲ್ಲಿ ಬೇರೂರಿದೆ. ಕಥಾಸಾರಾಂಶ, ಪಾತ್ರಪರಿಚಯ, ನೀತಿ ಇಷ್ಟನ್ನು ಬರೆದುಕೊಟ್ಟರೆ ಪರೀಕ್ಷಕರಿಗೆ ತೃಪ್ತಿ. ಆದರೆ ಐವತ್ತನೆಯ ಪುಟದ ಹೊತ್ತಿಗೆ ಓದುಗನ ಮನದಲ್ಲಿ ಏಳುವ ತೊಡಕು, ಬೇಸರ, ಸಂಶಯಗಳು ಆ ಸಾರಾಂಶಕ್ಕಿಂತ ಬೆಲೆಯುಳ್ಳವೆಂದು ನಮ್ಮ ಅಭಿಪ್ರಾಯ.

ಯಶವಂತ ಚಿತ್ತಾಲರ 'ಶಿಕಾರಿ'ಯನ್ನೇ ತೆಗೆದುಕೊಳ್ಳೋಣ. ಉತ್ತರ ಕನ್ನಡದ ಹನೇಹಳ್ಳಿಯಲ್ಲಿ 1928ರಲ್ಲಿ ಜನಿಸಿದ ಚಿತ್ತಾಲರು ಈ ನಗರದಲ್ಲಿ ನೌಕರಿ ಮಾಡುತ್ತಲೇ ಬರೆದವರು. 1979ರಲ್ಲಿ ಪ್ರಕಟವಾದ ಈ ಕಾದಂಬರಿಯ ಕಥೆ ನಡೆಯುವುದೂ ಮುಂಬಯಿಯಲ್ಲಿಯೇ. ಕಥಾನಾಯಕ ನಾಗಪ್ಪನು ದೊಡ್ಡ ಕಂಪನಿಯೊಂದರ ಅಧಿಕಾರಿ. ಅವನನ್ನು ಫಕ್ಕನೆ ಅಮಾನತಿನಲ್ಲಿಡುತ್ತಾರೆ. ತನ್ನ ಅಪರಾಧವೇನು, ತನ್ನನ್ನು ಬೇಟೆಯಾಡುತ್ತಿರುವವರಾರು ಎಂದು ಅವನು ಚಿಂತಿಸುವುದರಲ್ಲಿಯೇ ಪುಟಗಳು ಉರುಳುತ್ತವೆ. ಹತ್ತನೆಯ ತರಗತಿಯವರಿಗೆ ಇದು ಕಠಿಣವೆನ್ನುವವರಿದ್ದಾರೆ. ಕಠಿಣವೇ ಸರಿ. ಮನೆಯಲ್ಲಿ ತುಳು, ಬೀದಿಯಲ್ಲಿ ಮರಾಠಿ, ಶಾಲೆಯಲ್ಲಿ ಮಾತ್ರ ಕನ್ನಡವೆಂಬ ಮಕ್ಕಳಿಗಂತೂ ಇನ್ನಷ್ಟು ಕಠಿಣ.

ಆದರೂ ಪರೇಲಿನ ವಿದ್ಯಾರ್ಥಿಯೊಬ್ಬನು ಕಾಲುಭಾಗ ಓದಿ ತನ್ನ ವಹಿಯಲ್ಲಿ ಬರೆದುದನ್ನು ನೋಡಿರಿ: "ಈ ನಾಗಪ್ಪನು ಇಷ್ಟೇಕೆ ಯೋಚಿಸುತ್ತಾನೆ? ನಮ್ಮ ಅಜ್ಜನ ಗಿರಣಿ ಕೆಲಸವೂ ಹೋಗಿತ್ತು. ಅಜ್ಜ ಹೀಗೆ ಹೆದರಲಿಲ್ಲವಂತೆ."

ಪರೀಕ್ಷೆಯ ಲೆಕ್ಕದಲ್ಲಿ ಈ ಉತ್ತರಕ್ಕೆ ಸೊನ್ನೆ. ನಮಗಾದರೋ ಇದರಲ್ಲಿ ವಿಮರ್ಶೆಯ ಮೊಳಕೆಯೇ ಕಂಡಿತು. 1982ರ ಜನವರಿ 18ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಆರಂಭವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಸೇರಿದ್ದರು. ಅವರಲ್ಲಿ ಅನೇಕರಿಗೆ ಕೆಲಸ ಮರಳಿ ದೊರೆಯಲೇ ಇಲ್ಲ. ಆ ಕಷ್ಟವನ್ನು ಚಾಳಿಗೆ ಚಾಳೇ ಕೂಡಿ ಉಂಡಿತು. ನಾಗಪ್ಪನಿಗಾದರೆ ಸಂಘವಿಲ್ಲ, ಮೆರವಣಿಗೆಯಿಲ್ಲ, ನೆರೆಮನೆಯವರ ಒಂದು ಹಿಡಿ ಅಕ್ಕಿಯಿಲ್ಲ. ಅವನ ಭಯಕ್ಕೆ ಪಾಲುಗಾರರೇ ಇಲ್ಲ. ಈ ಭೇದವನ್ನು ಹುಡುಗನು ಇನ್ನೂ ಬಿಡಿಸಿ ಹೇಳಿಲ್ಲವಾದರೂ ಅದರ ಹೊಸ್ತಿಲಿಗೆ ಬಂದು ನಿಂತಿದ್ದಾನೆ. ಇಂಥ ಹೊತ್ತಿನಲ್ಲಿ ಗೈಡನ್ನು ನೋಡಿ ಸಾರಾಂಶ ಬರೆಯೆಂದರೆ ಅಜ್ಜನೂ ನಾಗಪ್ಪನೂ ಒಟ್ಟಿಗೇ ಅಳಿಸಿಹೋದಾರು. 'ಎಲ್ಲವೂ ಅರ್ಥವಾಯಿತು' ಎನ್ನುವ ವಿದ್ಯಾರ್ಥಿಯನ್ನು ಕಂಡರೆ ನಮಗೆ ತುಸು ಗುಮಾನಿಯೇ.

ಹಾಗೆಂದು ಮೊದಲು ತೋಚಿದುದೇ ಕಡೆಯ ತೀರ್ಮಾನವಾಗಬೇಕೆಂದಲ್ಲ. ವಿದ್ಯಾರ್ಥಿ ಮಿತ್ರರೇ, ಓದುತ್ತಿರುವಾಗ ಅನಿಸಿದುದನ್ನು ತಾರೀಖು ಹಾಕಿ ವಹಿಯ ಎಡಪುಟದಲ್ಲಿ ಬರೆಯಿರಿ. ಬಲಪುಟವನ್ನು ಖಾಲಿ ಬಿಡಿರಿ. ಪುಸ್ತಕ ಮುಗಿದ ಮೇಲೆ ಅಲ್ಲಿ ನಿಮಗೆ ನೀವೇ ಉತ್ತರ ಕೊಡಿರಿ. ಮೊದಲಿನ ಮಾತು ತಪ್ಪೆನಿಸಿದರೂ ಅದನ್ನು ಹೊಡೆದುಹಾಕಬೇಡಿರಿ.

ಮೇಲೆ ಹೇಳಿದ ಹುಡುಗನ ಬಲಪುಟ ಇನ್ನೂ ಖಾಲಿಯಿದೆ. ಆ ದಿನಗಳಲ್ಲಿ ನಿಜವಾಗಿಯೂ ಹೆದರಿಕೆಯಾಗಿರಲಿಲ್ಲವೇ ಎಂದು ಅಜ್ಜನನ್ನು ಕೇಳಿಕೊಂಡು ಬರುವೆನೆಂದಿದ್ದಾನೆ.