ಮಗಳ ತಲೆಯ ಜಡಿ

ಮೊನ್ನೆ ಊರಿನ ತಮ್ಮನೊಬ್ಬ ಅಮೆರಿಕದ ಕಪ್ಪು ಹೆಣ್ಣುಮಗಳ ಫೋಟೊ ಕಳಿಸಿ, "ಅಕ್ಕಾ, ಇವರಿಗೂ ಜಡಿ ಬರತೈತಾ?" ಅಂದ.

ಬರಲ್ಲ ತಮ್ಮಾ, ಅವರೇ ಹೊಸೆದು ಬಿಡ್ತಾರೆ. 'ಲಾಕ್ಸ್' ಅಂತಾರೆ. ತೊಳೀತಾರೆ, ಒದ್ದೆ ಉಳಿಯದಂಗೆ ಒಣಗಿಸ್ತಾರೆ, ಬುಡ ಜಗ್ಗದಂಗೆ ಹೊಸೀತಾರೆ. ಬೇಡಾದ್ರೆ ಕತ್ತರಿಸ್ತಾರೆ. ಇಂಥ ಕೂದಲಿಗಾಗಿ ಕೆಲಸ, ಶಾಲೆಗಳಲ್ಲಿ ತಾರತಮ್ಯ ಮಾಡಬಾರದು ಅಂತ 2019ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ 'ಕ್ರೌನ್' ಕಾಯ್ದೆಯೇ ಬಂತು.

ನಮ್ಮಲ್ಲಿ? ಕೇರಿಯ ಹುಡುಗಿಯ ಕೂದಲು ಎಣ್ಣೆ, ಬಾಚಣಿಗೆ ಕಾಣದೆ ಗಂಟಾದರೆ "ಎಲ್ಲಮ್ಮ ಕರ್ಯಾಕತ್ತಾಳ" ಅಂತಾರೆ. ಬಾಚಂಗಿಲ್ಲ, ಕತ್ತರಿಸಂಗಿಲ್ಲ, ಭಂಡಾರ ಹಚ್ಚಬೇಕು. ಕೊನೆಗೆ ಮುತ್ತು ಕಟ್ಟಿ ದೇವದಾಸಿ ಮಾಡೋದು. ಇದನ್ನು ನಿಷೇಧಿಸಿದ ಕಾಯ್ದೆ 1982ರದ್ದು. ಆದರೂ ಕತ್ತರಿ ಹಿಡಿಯೋಕೆ ಇನ್ನೂ ಕೈ ನಡುಗುತ್ತೆ. ಗೌಡರ ಮಗಳ ಕೂದಲು ಗಂಟಾದರೆ ಅವರವ್ವ ಎಣ್ಣೆ ಹಚ್ಚಿ ಬಿಡಿಸ್ತಾಳೆ. ನಮ್ಮ ಮಗಳ ತಲೆಗೆ ಮಾತ್ರ ದೇವಿ ಯಾಕೆ ಬರ್ತಾಳೆ?

ಇಷ್ಟಪಟ್ಟು ಜಟೆ ಬಿಡೋರು ಬಿಡಲಿ. ಆದರೆ ಮಗುವಿನ ತಲೆಗಂಟು ನೋಡಿ ಅದರ ಬಾಳನ್ನು ಊರು ತೀರ್ಮಾನಿಸಬಾರದು. ಅವ್ವಂದಿರೇ, ಎಣ್ಣೆ ಹಚ್ಚಿ ಬಿಡಿಸಿ. ಬಿಡದಿದ್ದರೆ ಕತ್ತರಿಸಿ, ಮಗಳನ್ನು ಶಾಲೆಗೆ ಕಳಿಸಿ. ಕೂದಲು ಮತ್ತೆ ಬೆಳೆಯುತ್ತೆ.

ಜೈ ಭೀಮ್.