ಹೆಸರು ಒಡೆದರೆ ತಪ್ಪು ಕನ್ನಡದ್ದಲ್ಲ

ಹೋದ ವರ್ಷ ನಮ್ಮ ಮಕ್ಕಳು ಒಂದು ಆನ್‌ಲೈನ್ ರಸಪ್ರಶ್ನೆಗೆ ಸೇರಿದ್ದರು. ಕೊನೆಯಲ್ಲಿ ಹೆಸರು, ಊರು ಟೈಪ್ ಮಾಡಿದರೆ ಸರ್ಟಿಫಿಕೇಟಿನ ಚಿತ್ರ ತಾನಾಗಿ ತಯಾರಾಗುತ್ತದೆ. ಹುಡುಗಿಯೊಬ್ಬಳು ಲಕ್ಷ್ಮಿ, ಕಾಟ್ಟಿಕುಳಂ ಎಂದು ಟೈಪ್ ಮಾಡಿದಳು. ಚಿತ್ರದಲ್ಲಿ ಬಂದದ್ದು ‘ಲಕ್‌ಷ್‌ಮಿ’, ‘ಕಾಟ್‌ಟಿಕುಳಂ’. ಒತ್ತಕ್ಷರಗಳು ಕೆಳಗಿಳಿಯದೆ ಸಾಲಿನಲ್ಲೇ ನಿಂತಿದ್ದವು. ಸಂಘಟಕರನ್ನು ಕೇಳಿದರೆ, "ಕನ್ನಡ ಸರಿ ಬರುವುದಿಲ್ಲ ಟೀಚರೇ, ಇಂಗ್ಲಿಷಿನಲ್ಲಿ ಹಾಕಿಬಿಡಿ" ಎಂದರು.

ಈ ಮಾತನ್ನು ನಾವು ಒಪ್ಪುವುದಿಲ್ಲ. ಕಾರಣ ತಿಳಿಯದೆ ನಾವೂ ತಲೆಯಾಡಿಸಿದರೆ, ಕಂಪ್ಯೂಟರಿಗೆ ಕನ್ನಡ ಆಗದು ಎಂಬ ಪಾಠವನ್ನು ಕನ್ನಡ ಮಾಧ್ಯಮದ ಮಕ್ಕಳಿಗೆ ನಾವೇ ಕಲಿಸಿದಂತೆ.

ಕಾಟ್ಟಿಕುಳಂ ವಯನಾಡಿನ ತಿರುನೆಲ್ಲಿ ಪಂಚಾಯತಿನ ಊರು. ಅಲ್ಲಿಂದ ಬಾವಲಿ ದಾಟಿದರೆ ಎಚ್.ಡಿ. ಕೋಟೆ ದಾರಿ, ತೋಲ್‌ಪೆಟ್ಟಿ ದಾಟಿದರೆ ಕೊಡಗಿನ ಕುಟ್ಟ. ಆ ಊರಿನ ಹೆಸರನ್ನೇ ಉದಾಹರಣೆಯಾಗಿ ನೋಡೋಣ. ‘ಟ್ಟಿ’ ನಮಗೆ ಒಂದೇ ಅಕ್ಷರ. ಯೂನಿಕೋಡಿನಲ್ಲಿ ಅದು ನಾಲ್ಕು ಸಂಕೇತ: ಟ, ಹಲಂತದ ಗುರುತು, ಮತ್ತೊಂದು ಟ, ಇಕಾರದ ಗುಣಿತ. ಇವನ್ನು ಸೇರಿಸಿ ಒಂದು ಅಕ್ಷರ ಮಾಡುವುದು ಬೇರೆಯೇ ಕೆಲಸ. ಫಾಂಟಿನೊಳಗಿನ ನಿಯಮಗಳನ್ನು ಓದಿ ಅದನ್ನು ಮಾಡುವ ತಂತ್ರಾಂಶಕ್ಕೆ ಹಾರ್ಫ್‌ಬಜ್ ಎಂದು ಹೆಸರು. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್ ಫೋನುಗಳಲ್ಲಿ ನಾವು ಕನ್ನಡ ಸರಿಯಾಗಿ ಓದುವುದು ಅದರಿಂದಲೇ.

ಇಂಥ ಸರ್ಟಿಫಿಕೇಟುಗಳನ್ನು ಹೆಚ್ಚಾಗಿ ಪಿಎಚ್‌ಪಿ ಭಾಷೆಯಲ್ಲಿ, ಜಿಡಿ ಎಂಬ ಲೈಬ್ರರಿ ಬಳಸಿ ಮಾಡುತ್ತಾರೆ. ಅದರ ‘ಇಮೇಜ್‌ಟಿಟಿಎಫ್‌ಟೆಕ್ಸ್ಟ್’ ಆಜ್ಞೆಗೆ ಫಾಂಟಿನ ಫೈಲು, ಗಾತ್ರ, ಕೋನ, ಜಾಗ, ಬಣ್ಣ, ಪಠ್ಯ ಕೊಟ್ಟರೆ ಚಿತ್ರದ ಮೇಲೆ ಬರೆಯುತ್ತದೆ. ಆದರೆ ಸಾಮಾನ್ಯ ಜಿಡಿ ಒಂದೊಂದು ಸಂಕೇತಕ್ಕೆ ಒಂದೊಂದು ಆಕಾರ ತೆಗೆದು ಸಾಲಾಗಿ ಜೋಡಿಸುತ್ತದೆ, ಅಷ್ಟೇ. ಇಂಗ್ಲಿಷಿಗೆ ಅಷ್ಟು ಸಾಕು, ನಮಗೆ ಸಾಲದು. ಫಾಂಟ್ ಬದಲಿಸಿದರೂ ಪ್ರಯೋಜನವಿಲ್ಲ. ತುಂಗಾ ಹಾಕಿ, ಕೇದಗೆ ಹಾಕಿ, ನೋಟೋ ಹಾಕಿ, ಒತ್ತಕ್ಷರದ ಆಕಾರ ಫಾಂಟಿನಲ್ಲಿ ಇದ್ದೇ ಇರುತ್ತದೆ. ಅದನ್ನು ಕೇಳುವವರಿಲ್ಲ!

ಇದು ಕನ್ನಡದವರ ಗೋಳು ಮಾತ್ರ ಅಲ್ಲ. ಮಲಯಾಳಂನಲ್ಲಿ ಎಕಾರದ ಚಿಹ್ನೆ ಅಕ್ಷರದ ಎಡಕ್ಕೆ ಬರಬೇಕು. ಜಿಡಿಯಲ್ಲಿ ಅದು ಬಲಕ್ಕೆ ಬೀಳುತ್ತದೆ. ಆದ್ದರಿಂದ ಕೇರಳದಲ್ಲಿ ಒಮ್ಮೆ ಸರಿ ಮಾಡಿದರೆ ಎರಡೂ ಭಾಷೆಯ ಮಕ್ಕಳಿಗೆ ಉಪಕಾರ. ಅಲ್ಪಸಂಖ್ಯಾತರಿಗಾಗಿ ವಿಶೇಷ ಖರ್ಚು ಎಂದು ಯಾರೂ ಗೊಣಗಬೇಕಿಲ್ಲ.

ದಾರಿ ಇಲ್ಲವೇ? ಮೂರಿವೆ. ಒಂದು, ಚಿತ್ರವನ್ನೇ ಮಾಡದಿರುವುದು. ಹೆಸರನ್ನು ಅಕ್ಷರವಾಗಿಯೇ ಪುಟಕ್ಕೆ ಕಳಿಸಿ, ಹಿನ್ನೆಲೆಗೆ ಸರ್ಟಿಫಿಕೇಟಿನ ವಿನ್ಯಾಸ ಹಾಕಿದರೆ ಜೋಡಣೆಯನ್ನು ಬ್ರೌಸರೇ ಮಾಡುತ್ತದೆ. ಅಲ್ಲಿಂದಲೇ ಪ್ರಿಂಟ್ ತೆಗೆಯಬಹುದು, ಕಣ್ಣು ಕಾಣದವರ ಓದುವ ತಂತ್ರಾಂಶಕ್ಕೂ ಅದು ಸಿಗುತ್ತದೆ. ನಮ್ಮ ಮತ ಇದಕ್ಕೇ. ಎರಡು, ಚಿತ್ರವೇ ಬೇಕೆಂದರೆ ಪಿಎಚ್‌ಪಿಯಿಂದ ಇಮೇಜ್‌ಮ್ಯಾಜಿಕ್ ಕರೆದು, ಅದರೊಳಗೆ ಪ್ಯಾಂಗೋ ಮೂಲಕ ಬರೆಸುವುದು. ಪ್ಯಾಂಗೋ ಹಾರ್ಫ್‌ಬಜ್ ಬಳಸುತ್ತದೆ. ಮೂರು, ರಾಕ್ಮ್ ಎಂಬ ಲೈಬ್ರರಿ ಸೇರಿಸಿ ಕಟ್ಟಿದ ಹೊಸ ಜಿಡಿ. ಇವೆಲ್ಲ ಉಚಿತ, ಮುಕ್ತ ತಂತ್ರಾಂಶಗಳು.

ಹಿಂದೆ ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಒತ್ತಿಗೂ ಗುಣಿತಕ್ಕೂ ಬೇರೆ ಬೇರೆ ಸಂಕೇತಗಳಿದ್ದವು. ಹಾಗಾಗಿ ಸಾಲಾಗಿ ಬರೆದರೂ ಅಕ್ಷರ ಸರಿ ಕಾಣುತ್ತಿತ್ತು. ಆದರೆ ಆ ಸಂಕೇತಗಳು ಯೂನಿಕೋಡ್ ಅಲ್ಲ. ಫಾಂಟ್ ಬದಲಾದರೆ ಹೆಸರು ಗೋಜಲು. ಮತ್ತೆ ಅಲ್ಲಿಗೆ ಹೋಗುವುದು ಬೇಡ.

ವಿನ್ಯಾಸ ಮಾಡುವವರಿಗೆ ಇನ್ನೊಂದು ಮಾತು. ಇಂಗ್ಲಿಷಿಗೆಂದು ಅಳೆದ ಗೆರೆಯಲ್ಲಿ ಕನ್ನಡ ಬರೆದರೆ ಅಕ್ಷರ ಸರಿ ಬಂದರೂ ಒತ್ತು ಕೆಳಗಿನ ಸಾಲಿಗೆ ತಾಗುತ್ತದೆ. ಹೆಸರಿನ ಕೆಳಗೆ ಸ್ವಲ್ಪ ಹೆಚ್ಚು ಜಾಗ ಬಿಡಿ.

ಶಿಕ್ಷಕ ಮಿತ್ರರಲ್ಲಿ ನಮ್ಮ ವಿನಂತಿ ಇಷ್ಟೇ. ಯಾವುದೇ ಸ್ಪರ್ಧೆಗೆ ಮಕ್ಕಳನ್ನು ಸೇರಿಸುವ ಮೊದಲು ಐದು ಹೆಸರು ಹಾಕಿ ನೋಡಿ: ಕೃಷ್ಣ, ಲಕ್ಷ್ಮಿ, ಸೂರ್ಯ, ಜ್ಯೋತ್ಸ್ನಾ, ಕಾಟ್ಟಿಕುಳಂ. ಸೂರ್ಯನಲ್ಲಿ ಅರ್ಕಾವತ್ತು ಪರೀಕ್ಷೆಯಾಗುತ್ತದೆ, ಜ್ಯೋತ್ಸ್ನಾದ ‘ತ್ಸ್ನಾ’ದಲ್ಲಿ ಒಂದೇ ಅಕ್ಷರಕ್ಕೆ ಎರಡು ಒತ್ತು. ಒಂದು ಹೆಸರು ಒಡೆದರೂ ಸಂಘಟಕರಿಗೆ ಚಿತ್ರದ ಸಮೇತ ಬರೆಯಿರಿ, ದಾರಿಯನ್ನೂ ತಿಳಿಸಿ. "ಇಂಗ್ಲಿಷಿನಲ್ಲಿ ಹಾಕಿ" ಎಂದರೆ ಕೂಡಲೇ ಒಪ್ಪಬೇಡಿ.

ಆ ಹುಡುಗಿ ಸರ್ಟಿಫಿಕೇಟನ್ನು ಮಡಚಿ ಚೀಲದ ತಳಕ್ಕೆ ತುರುಕಿದ್ದಳು. ನಾವು ಅವಳ ಹೆಸರನ್ನು ದಪ್ಪ ಕಾಗದದ ಮೇಲೆ ಕೈಯಲ್ಲೇ ಬರೆದುಕೊಟ್ಟೆವು. ಅದನ್ನು ಮನೆಗೆ ಒಯ್ದಳು.